ಇಂದಿನ ಧಮ್ಮ ಚಿಂತನೆ: ಹೇಳಲಾರದ ರೋಗಿ



ನಮ್ಮ ಬೀದಿಯ ನಾಯಿ ಕೆಂಚಿಗೆ ಜನನಾಂಗದ ಗಡ್ಡೆ, ಕ್ಯಾನ್ಸರ್. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್. ಮೂರನೆಯದಾದ ಮೇಲೆ ಅನ್ನ ಬಿಟ್ಟು ಮೂಲೆ ಸೇರಿದಳು. ಸುಸ್ತಿರಬೇಕು ಎಂದು ಒಂದು ದಿನ ಸುಮ್ಮನಿದ್ದೆ, ತಪ್ಪು ಮಾಡಿದೆ. ಜ್ವರ 104 ಡಿಗ್ರಿ ಇತ್ತು, ನಾಯಿಗೆ 102.5ರವರೆಗೆ ಸಹಜ. ಈ ಔಷಧಿ ಬಿಳಿ ರಕ್ತಕಣಗಳನ್ನೂ ಇಳಿಸುತ್ತದೆ, ಆಗ ಸೋಂಕು ಬೇಗ ಏರುತ್ತದೆ. ಡಾಕ್ಟರು ಆ್ಯಂಟಿಬಯೋಟಿಕ್ ಕೊಟ್ಟು ಮುಂದಿನ ಇಂಜೆಕ್ಷನ್ ಮುಂದೂಡಿದರು.

ವಿನಯಪಿಟಕದ ಮಹಾವಗ್ಗದಲ್ಲಿ, ಯಾರೂ ನೋಡಿಕೊಳ್ಳದ ಅತಿಸಾರದ ಭಿಕ್ಖುವನ್ನು ಬುದ್ಧರು ಆನಂದರೊಡನೆ ತಾವೇ ತೊಳೆಯುತ್ತಾರೆ. ತನ್ನ ಕಾಯಿಲೆಯನ್ನು ಇದ್ದಂತೆ ಹೇಳುವ ರೋಗಿಯ ಆರೈಕೆ ಸುಲಭ, ಆರೈಕೆ ಮಾಡುವವರು ಮಲಮೂತ್ರಕ್ಕೆ ಹೇಸಬಾರದು ಎಂದೂ ಅಲ್ಲಿದೆ. ಕೆಂಚಿ ಹೇಳಲಾರಳು, ನಾನೇ ನೋಡಿ ತಿಳಿಯಬೇಕಿತ್ತು. ಮುಟ್ಟಲು ಹೇಸುವುದೆಂದರೇನೆಂದು ನಮಗೆ ಯಾರೂ ಪಾಠ ಮಾಡಬೇಕಿಲ್ಲ, ಬಂಧುಗಳೇ.

ಈಗ ಗ್ಲೌಸ್ ಹಾಕಿ ಬಳಿಯುತ್ತೇನೆ. ಹೇಸಿಗೆಗಲ್ಲ, ಮೂತ್ರದಲ್ಲಿ ಔಷಧಿಯ ಅಂಶ ಬರುತ್ತದೆ. ದಿನಕ್ಕೆರಡು ಸಲ ಜ್ವರ ನೋಡುತ್ತೇನೆ. ಇವತ್ತು ಬೆಳಿಗ್ಗೆ ಎರಡು ತುತ್ತು ತಿಂದಳು.