ಹಳೆಯ ಲಾರಿಯ ಡ್ಯಾಷ್‌ಬೋರ್ಡಿಗೆ ಎಲ್‌ಇಡಿ ದೀಪ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೆ ಇಂದು ರೈಲಿನ ಸಂಪರ್ಕವಿಲ್ಲ. ತೋಟದ ಅಡಕೆ, ಕಾಫಿ, ಮೆಣಸುಗಳು ಹೊರಗೆ ಹೋಗಬೇಕಾದರೂ, ಗೊಬ್ಬರ, ಸಿಮೆಂಟು, ಕಬ್ಬಿಣಗಳು ಒಳಗೆ ಬರಬೇಕಾದರೂ ಲಾರಿಯೇ ಗತಿ. ಮಳೆಗಾಲದ ರಾತ್ರಿ, ಹೊರೆ ತುಂಬಿದ ಹಳೆಯ ಲಾರಿಯೊಂದು ಶೃಂಗೇರಿಯಿಂದ ಕೆರೆಕಟ್ಟೆಯ ಮಾರ್ಗವಾಗಿ ಕಾರ್ಕಳದ ಕಡೆಗೆ ಘಾಟಿ ಇಳಿಯುತ್ತಿದೆಯೆಂದು ಭಾವಿಸೋಣ. ತಿರುವು ತಿರುವಿಗೂ ಚಾಲಕ ಬ್ರೇಕನ್ನು ಒತ್ತಬೇಕು. ಒತ್ತಿದಷ್ಟು ಸಲವೂ ತೊಟ್ಟಿಯಲ್ಲಿ ಶೇಖರವಾಗಿರುವ ಗಾಳಿ ವೆಚ್ಚವಾಗುವುದು. ಕಂಪ್ರೆಸರು ಅದನ್ನು ಮತ್ತೆ ತುಂಬಿಕೊಡುತ್ತಿರಬೇಕು. ತುಂಬಿಕೊಡುತ್ತಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ಡ್ಯಾಷ್‌ಬೋರ್ಡಿನ ಮೇಲಿನ ಒಂದು ಸಣ್ಣ ಮುಳ್ಳು. ಆ ಮುಳ್ಳು ಕತ್ತಲಲ್ಲಿ ಕಾಣದೆ ಹೋದರೆ ಗತಿಯೇನು? ಎಚ್ಚರಿಕೆಯ ಗಂಟೆ ಎಂದೋ ಕೆಟ್ಟುಹೋಗಿರುವ ವಾಹನದಲ್ಲಿ ಈ ಪ್ರಶ್ನೆ ಹಗುರವಾದುದಲ್ಲ.

ಲಾರಿಗಳು ನಮ್ಮ ದೇಶದಲ್ಲಿಯೇ ಹೆಚ್ಚಾಗಿ ತಯಾರಾಗತೊಡಗಿದ್ದು ಸ್ವಾತಂತ್ರ್ಯಾನಂತರ. ಜಂಷೆಡ್‌ಪುರದಲ್ಲಿ ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆನ್ಜ್ ಸಂಸ್ಥೆಯೊಡನೆ ೧೯೫೪ರಲ್ಲಿ ಈ ಕೆಲಸಕ್ಕೆ ಕೈಹಾಕಿತು. ಮದರಾಸಿನ ಅಶೋಕ್ ಮೋಟಾರ್ಸ್ ೧೯೫೫ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅಂದಿನಿಂದ ಬಹುಕಾಲ ಈ ವಾಹನಗಳ ಡ್ಯಾಷ್‌ಬೋರ್ಡಿನ ಹಿಂದೆ ಉರಿಯುತ್ತಿದ್ದುದು ಹೆಬ್ಬೆರಳಿನ ಉಗುರಿನಷ್ಟು ಗಾತ್ರದ, ತಂತಿಯ ಬಲ್ಬುಗಳೇ. ಇವುಗಳನ್ನು ಕಿತ್ತು ಎಲ್‌ಇಡಿ ಬಲ್ಬುಗಳನ್ನು ಕೂರಿಸುವ ಕೆಲಸ ನೋಡುವುದಕ್ಕೆ ಬಹು ಸುಲಭ. ಆದರೆ ಹಳೆಯ ಬಲ್ಬು ಬೆಳಕು ಕೊಡುವುದಲ್ಲದೆ ಇನ್ನೂ ಕೆಲವು ಕೆಲಸಗಳನ್ನು ಗುಟ್ಟಾಗಿ ಮಾಡುತ್ತಿರುತ್ತದೆ. ಅವು ಯಾವುವೆಂದು ತಿಳಿಯದೆ ಕೈಹಾಕಿದರೆ ತೊಂದರೆ ತಪ್ಪದು.

ಮೊದಲು ಹಳೆಯ ಬಲ್ಬನ್ನೇ ನೋಡೋಣ. ಅದರೊಳಗೆ ಕೂದಲಿಗಿಂತ ಸಣ್ಣದಾದ ಟಂಗ್‌ಸ್ಟನ್ ತಂತಿಯ ಸುರುಳಿ ಇದೆ. ವಿದ್ಯುತ್ತು ಹರಿದಾಗ ತಂತಿ ಕಾದು ಬೆಳಗುತ್ತದೆ. ಕೊಟ್ಟ ಶಕ್ತಿಯಲ್ಲಿ ಬಹುಪಾಲು ಶಾಖವಾಗಿಯೇ ಹೋಗುತ್ತದೆ, ಬೆಳಕಾಗುವುದು ಅತ್ಯಲ್ಪ. ವೋಲ್ಟೇಜು ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುವುದು ಇದರ ಇನ್ನೊಂದು ಗುಣ. ನೂರಕ್ಕೆ ಹತ್ತರಷ್ಟು ವೋಲ್ಟೇಜು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಕಡಿಮೆಯಾಗುತ್ತದೆ. ಕಾಲಕ್ರಮದಲ್ಲಿ ತಂತಿಯಿಂದ ಆವಿಯಾದ ಲೋಹ ಗಾಜಿನ ಒಳಮೈಗೆ ಕಪ್ಪಾಗಿ ಅಂಟಿಕೊಳ್ಳುವುದರಿಂದಲೂ ದೀಪ ಮಂಕಾಗುತ್ತದೆ.

ಆದರೆ ಮಲೆನಾಡಿನಲ್ಲಿ ಡ್ಯಾಷ್‌ಬೋರ್ಡು ಮಂಕಾಗುವುದಕ್ಕೆ ಬಲ್ಬಿಗಿಂತ ದೊಡ್ಡ ಅಪರಾಧಿ ಬೇರೆಯೇ ಇರುವುದುಂಟು. ಅದು ಹೋಲ್ಡರಿಗೆ ಹಿಡಿದ ಕಿಲುಬು, ಬಾಡಿಗೆ ಕೊಟ್ಟ ಅರ್ತಿಂಗ್ ತಂತಿಯ ಬುಡದಲ್ಲಿನ ತುಕ್ಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಒಗೆದ ಬಟ್ಟೆಯೇ ಒಣಗದ ಸೀಮೆಯಲ್ಲಿ ತಗಡು, ತಾಮ್ರಗಳ ಪಾಡು ಹೇಳಬೇಕಾಗಿಲ್ಲ. ೧೨ ವೋಲ್ಟಿನ, ೨ ವ್ಯಾಟಿನ ಬಲ್ಬು ಉರಿಯುವಾಗ ಅದರ ರೋಧ ೭೨ ಓಮು. ಕಿಲುಬಿನ ರೋಧ ೨೦ ಓಮು ಎಂದು ಇಟ್ಟುಕೊಂಡರೆ ಬಲ್ಬಿಗೆ ದೊರೆಯುವುದು ಒಂಬತ್ತು ವೋಲ್ಟಿನ ಆಸುಪಾಸು. ಬೆಳಕು ಅರ್ಧಕ್ಕೂ ಕಡಿಮೆ. ಅದೇ ಜಾಗದಲ್ಲಿ ೧೦ ಮಿಲಿ ಆಂಪಿಯರಿನ ಎಲ್‌ಇಡಿಯನ್ನು ಹಾಕಿದರೆ ಕಿಲುಬು ನುಂಗುವುದು ಬರಿಯ ೦.೨ ವೋಲ್ಟು. ದೀಪ ಝಗ್ಗನೆ ಉರಿಯುತ್ತದೆ. ರೋಗ ವಾಸಿಯಾಯಿತೆಂದು ಮಾಲೀಕ ಸಂತೋಷಪಡುತ್ತಾನೆ. ವಾಸಿಯಾಗಿಲ್ಲ, ಮುಚ್ಚಿಕೊಂಡಿದೆ ಅಷ್ಟೆ. ಇಂಧನ, ಉಷ್ಣತೆಗಳ ವಿದ್ಯುತ್ ಮಾಪಕಗಳೂ ಸಾಮಾನ್ಯವಾಗಿ ಅದೇ ಅರ್ತಿಂಗನ್ನು ನಂಬಿರುತ್ತವೆ. ಅದು ಕೆಟ್ಟಿದ್ದರೆ ಮುಳ್ಳು ಸುಳ್ಳು ಹೇಳುವುದುಂಟು. ಸುಳ್ಳು ಹೇಳುವ ಮುಳ್ಳಿಗೆ ಒಳ್ಳೆಯ ಬೆಳಕು ಕೊಟ್ಟು ಪ್ರಯೋಜನವೇನು? ಆದುದರಿಂದ ಬಲ್ಬು ಕೊಳ್ಳುವುದಕ್ಕೆ ಮುಂಚೆ ಹೋಲ್ಡರುಗಳನ್ನು ಮರಳುಕಾಗದದಿಂದ ಉಜ್ಜಿ, ಅರ್ತಿಂಗಿನ ಬೋಲ್ಟನ್ನು ಬಿಚ್ಚಿ, ಲೋಹ ಹೊಳೆಯುವಂತೆ ತಿಕ್ಕಿ ಮತ್ತೆ ಬಿಗಿಯಬೇಕು. ಎಷ್ಟೋ ವೇಳೆ ಹಳೆಯ ಬಲ್ಬೇ ಹೊಸದರಂತೆ ಉರಿದು, ಮುಂದಿನ ಕೆಲಸವೇ ಬೇಡವಾಗಬಹುದು!

ಈಗ ಎಲ್‌ಇಡಿಯ ವಿಚಾರ. ಎಲ್‌ಇಡಿ ಎಂದರೆ ಬೆಳಕು ಸೂಸುವ ಡಯೋಡು. ಕೆಲವು ಹರಳುಗಳಲ್ಲಿ ವಿದ್ಯುತ್ತು ಹರಿದಾಗ ಶಾಖವಿಲ್ಲದ ಬೆಳಕು ಹೊರಡುವುದನ್ನು ೧೯೦೭ರಲ್ಲಿ ಇಂಗ್ಲೆಂಡಿನ ಹೆನ್ರಿ ರೌಂಡ್ ಗಮನಿಸಿದ್ದನು. ರಷ್ಯದ ಒಲೆಗ್ ಲೋಸೆವ್ ೧೯೨೦ರ ದಶಕದಲ್ಲಿ ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದನು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಉಪಯುಕ್ತ ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ರಚಿಸಿದ್ದು ೧೯೬೨ರಲ್ಲಿ. ನೀಲಿ ಮಾತ್ರ ವಿಜ್ಞಾನಿಗಳನ್ನು ಬಹುಕಾಲ ಕಾಡಿತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರಿಗೆ ೨೦೧೪ರ ನೊಬೆಲ್ ಪಾರಿತೋಷಕ ಸಂದಿತು. ನೀಲಿ ಎಲ್‌ಇಡಿಯ ಮೇಲೆ ಹಳದಿಯಾಗಿ ಹೊಳೆಯುವ ಲೇಪವನ್ನು ಹಚ್ಚಿದರೆ ಎರಡೂ ಬೆರೆತು ಬಿಳಿಯ ಬೆಳಕಾಗಿ ತೋರುವುದು. ಅಂಗಡಿಯಲ್ಲಿ ದೊರೆಯುವ ಬಿಳಿಯ ಬಲ್ಬುಗಳು ಸಾಮಾನ್ಯವಾಗಿ ಇಂಥವೇ.

ಎಲ್‌ಇಡಿಯ ನಡತೆಯನ್ನು ತಿಳಿಯಲು ನಮ್ಮ ಕೆರೆಯ ಕೋಡಿಯನ್ನು ನೆನೆದರೆ ಸಾಕು. ನೀರಿನ ಮಟ್ಟ ಕೋಡಿಗೆ ಬರುವವರೆಗೆ ಒಂದು ಹನಿಯೂ ಹೊರಗೆ ಬಾರದು; ಕೋಡಿಯನ್ನು ನಾಲ್ಕು ಬೆರಳು ಮೀರಿತೋ, ನೀರು ಧುಮ್ಮಿಕ್ಕುತ್ತದೆ. ಬಿಳಿಯ ಎಲ್‌ಇಡಿಯ ಕೋಡಿ ಸುಮಾರು ೩ ವೋಲ್ಟು, ಕೆಂಪಿನದು ಸುಮಾರು ೨. ಅದನ್ನು ಮೀರಿದರೆ ಪ್ರವಾಹ ಹದ್ದುಮೀರಿ ಹರಿದು ಹರಳನ್ನು ಸುಟ್ಟುಬಿಡುವುದು. ಆದಕಾರಣ ಎಲ್‌ಇಡಿಯ ಜೊತೆಗೆ ಪ್ರವಾಹವನ್ನು ತಡೆಯುವ ರೋಧಕವೊಂದು ಇರಲೇಬೇಕು. ಅಲ್ಲದೆ ಎಲ್‌ಇಡಿ ಒಂದೇ ದಿಕ್ಕಿನಲ್ಲಿ ಪ್ರವಾಹವನ್ನು ಬಿಡುತ್ತದೆ. ತಿರುಗುಮುರುಗಾಗಿ ಜೋಡಿಸಿದರೆ ಉರಿಯದು.

ರೋಧಕ ಎಷ್ಟಿರಬೇಕು? ಇದಕ್ಕೆ ಮೊದಲು ವಾಹನ ೧೨ ವೋಲ್ಟಿನದೋ ೨೪ ವೋಲ್ಟಿನದೋ ತಿಳಿಯಬೇಕು. ಎರಡು ಬ್ಯಾಟರಿಗಳನ್ನು ಕಂಡೊಡನೆ ೨೪ ಎಂದು ತೀರ್ಮಾನಿಸಲಾಗದು. ಒಂದರ ಧನ ತುದಿ ಮತ್ತೊಂದರ ಋಣ ತುದಿಗೆ ಸೇರಿದ್ದರೆ ೨೪. ಧನಕ್ಕೆ ಧನ, ಋಣಕ್ಕೆ ಋಣ ಸೇರಿದ್ದರೆ ೧೨. ಇನ್ನು ೨೪ ವೋಲ್ಟಿನ ಲಾರಿಯಲ್ಲಿ ಇಂಜಿನು ನಡೆಯುತ್ತಿರುವಾಗ ನಿಜವಾಗಿ ಇರುವುದು ಸುಮಾರು ೨೮ ವೋಲ್ಟು. ಇದರಲ್ಲಿ ಎಲ್‌ಇಡಿಯ ೩ ವೋಲ್ಟನ್ನು ಕಳೆದರೆ ೨೫ ಉಳಿಯಿತು. ೧೦ ಮಿಲಿ ಆಂಪಿಯರು ಹರಿಯಬೇಕಾದರೆ ೨೫ನ್ನು ೦.೦೧ರಿಂದ ಭಾಗಿಸಬೇಕು, ೨೫೦೦ ಓಮು ಬಂತು. ಅಂಗಡಿಯಲ್ಲಿ ಸಿಗುವ ೨೭೦೦ ಓಮಿನ, ಅರ್ಧ ವ್ಯಾಟಿನ ರೋಧಕ ಇದಕ್ಕೆ ಒಪ್ಪುತ್ತದೆ. ಸಿದ್ಧವಾಗಿ ದೊರೆಯುವ ಬಲ್ಬುಗಳಲ್ಲಿ ರೋಧಕ ಒಳಗೇ ಅಡಗಿರುತ್ತದೆ. ಹಾಗೆಂದು ೧೨ ವೋಲ್ಟಿನ ಬಲ್ಬನ್ನು ೨೪ ವೋಲ್ಟಿನ ಲಾರಿಗೆ ಹಾಕಬಾರದು. ಪ್ರವಾಹ ಎರಡರಷ್ಟಕ್ಕೂ ಮೀರಿ, ರೋಧಕದಲ್ಲಿ ಹುಟ್ಟುವ ಶಾಖ ಐದರಷ್ಟಾಗುವುದು. ಕೆಲವು ದಿನ ಉರಿದಂತೆ ಮಾಡಿ ಕೈಕೊಡುತ್ತದೆ.

ವಿದ್ಯುತ್ತಿನ ಉಳಿತಾಯಕ್ಕಾಗಿ ಈ ಕೆಲಸ ಮಾಡುವೆವೆಂದು ಹೇಳುವವರಿದ್ದಾರೆ. ನಮಗೆ ಅದರಲ್ಲಿ ಹುರುಳು ಕಾಣದು. ಆರು ಬಲ್ಬುಗಳು ಸೇರಿ ನುಂಗುವುದು ೧೨ ವ್ಯಾಟು. ಒಂದು ಹೆಡ್‌ಲೈಟಿನ ಮುಂದೆ ಅದು ಯಾವ ಲೆಕ್ಕ? ಎಲ್‌ಇಡಿಯ ನಿಜವಾದ ಗುಣ ಬಾಳಿಕೆ. ಗುಂಡಿಬಿದ್ದ ರಸ್ತೆಯ ಕುಲುಕಾಟಕ್ಕೆ ತುಂಡಾಗುವ ತಂತಿ ಅದರಲ್ಲಿಲ್ಲ.

ಇನ್ನು ಹಳೆಯ ಬಲ್ಬಿನ ಗುಟ್ಟಾದ ಕೆಲಸಗಳಿಗೆ ಬರೋಣ. ಇವುಗಳಲ್ಲಿ ಅತಿ ಮುಖ್ಯವಾದುದು ಚಾರ್ಜಿಂಗ್ ಸೂಚಕದ ಕೆಂಪು ದೀಪ. ಆಲ್ಟರ್ನೇಟರಿನೊಳಗೆ ತಿರುಗುವ ಸುರುಳಿ ಅಯಸ್ಕಾಂತವಾದರೆ ಮಾತ್ರ ವಿದ್ಯುತ್ತು ಹುಟ್ಟುವುದು. ಇಂಜಿನು ಹೊರಡುವಾಗ ಆ ಸುರುಳಿಗೆ ಮೊದಲ ಪ್ರವಾಹ ಎಲ್ಲಿಂದ ಬರಬೇಕು? ಅನೇಕ ಆಲ್ಟರ್ನೇಟರುಗಳಲ್ಲಿ ಅದು ಬ್ಯಾಟರಿಯಿಂದ ಈ ಕೆಂಪು ದೀಪದ ಮೂಲಕವೇ ಹಾದುಬರುತ್ತದೆ. ಉತ್ಪಾದನೆ ಆರಂಭವಾದ ಮೇಲೆ ದೀಪದ ಎರಡು ತುದಿಗಳಲ್ಲಿಯೂ ಸಮಾನ ವೋಲ್ಟೇಜು ಬಂದು ದೀಪ ಆರುತ್ತದೆ. ೨೪ ವೋಲ್ಟಿನ, ೨ ವ್ಯಾಟಿನ ಬಲ್ಬು ಸುಮಾರು ೮೦ ಮಿಲಿ ಆಂಪಿಯರನ್ನು ಬಿಡುತ್ತಿದ್ದ ಜಾಗದಲ್ಲಿ ೧೦ ಮಿಲಿ ಆಂಪಿಯರಿನ ಎಲ್‌ಇಡಿಯನ್ನು ಕೂರಿಸಿದರೆ ಸುರುಳಿ ತಕ್ಕಷ್ಟು ಅಯಸ್ಕಾಂತವಾಗದೆ ಹೋಗಬಹುದು. ಇಂಜಿನನ್ನು ಜೋರಾಗಿ ತಿರುಗಿಸಿದಾಗ ಮಾತ್ರ ಚಾರ್ಜು ಹತ್ತೀತು, ಅಥವಾ ಹತ್ತದೆಯೇ ಇದ್ದೀತು. ಎಲ್‌ಇಡಿಯನ್ನು ಹಿಮ್ಮುಖವಾಗಿ ಕೂರಿಸಿದ್ದರಂತೂ ಎಚ್ಚರಿಕೆಯ ಬೆಳಕೂ ಇಲ್ಲ. ಹೆಡ್‌ಲೈಟು, ವೈಪರುಗಳೆರಡೂ ಬ್ಯಾಟರಿಯನ್ನು ಹೀರಿ ಹೀರಿ ಘಾಟಿಯ ನಡುವೆ ಮಳೆಯಲ್ಲಿ ದೀಪಗಳು ಆರಿದಾಗಲೇ ಚಾಲಕನಿಗೆ ವಿಷಯ ತಿಳಿಯುವುದು. ಆದುದರಿಂದ ಈ ಒಂದು ಬಲ್ಬನ್ನು ಇದ್ದಂತೆಯೇ ಬಿಡುವುದು ಉತ್ತಮವೆಂದು ನಮ್ಮ ಅಭಿಪ್ರಾಯ. ಬದಲಾಯಿಸಲೇಬೇಕೆಂದರೆ ಎಲ್‌ಇಡಿಗೆ ಸಮಾಂತರವಾಗಿ ೨೮೦ ಓಮಿನ ಆಸುಪಾಸಿನ, ೫ ವ್ಯಾಟು ತಾಳುವ ರೋಧಕವನ್ನು ಜೋಡಿಸಬೇಕು. ಹಳೆಯ ಡೈನಮೊ ಇರುವ ವಾಹನದಲ್ಲಿ ಈ ಭಯವಿಲ್ಲ. ಅದರ ಕಬ್ಬಿಣದಲ್ಲಿ ಉಳಿದಿರುವ ಅಯಸ್ಕಾಂತತೆಯೇ ಮೊದಲ ಕೆಲಸವನ್ನು ಮಾಡಿಕೊಳ್ಳುತ್ತದೆ.

ಎಡಬಲದ ಇಂಡಿಕೇಟರುಗಳಿಗೆ ಡ್ಯಾಷ್‌ಬೋರ್ಡಿನಲ್ಲಿ ಒಂದೇ ಸೂಚಕ ದೀಪವಿದ್ದರೆ ಅದು ಸಾಮಾನ್ಯವಾಗಿ ಎರಡು ಕಡೆಯ ತಂತಿಗಳ ನಡುವೆ ತೂಗಿಕೊಂಡಿರುತ್ತದೆ. ಎಡಗಡೆ ಮಿನುಗುವಾಗ ಪ್ರವಾಹ ಒಂದು ದಿಕ್ಕಿಗೆ, ಬಲಗಡೆ ಮಿನುಗುವಾಗ ವಿರುದ್ಧ ದಿಕ್ಕಿಗೆ. ಸಾಧಾರಣ ಎಲ್‌ಇಡಿ ಇಲ್ಲಿ ಒಂದು ಕಡೆಗೆ ಮಾತ್ರ ಮಿನುಗಿ ಇನ್ನೊಂದು ಕಡೆಗೆ ಮೌನವಾಗುವುದು. ಎರಡು ದಿಕ್ಕಿಗೂ ಉರಿಯುವಂತೆ ಒಳಗೆ ನಾಲ್ಕು ಡಯೋಡುಗಳ ಸೇತುವೆಯಿರುವ ಬಲ್ಬನ್ನು ಇಲ್ಲಿಗೆ ಆರಿಸಬೇಕು.

ಬೆಳಕನ್ನು ಹೆಚ್ಚುಕಡಿಮೆ ಮಾಡುವ ಗುಂಡಿಯೂ ಇದ್ದಕ್ಕಿದ್ದಂತೆ ನಿರುಪಯುಕ್ತವಾಗುತ್ತದೆ. ಆ ಗುಂಡಿಯ ಹಿಂದಿನ ರೋಧ ೨೦ ಓಮು ಎಂದು ತಿಳಿಯೋಣ. ೨೪ ವೋಲ್ಟಿನ ಆರು ಹಳೆಯ ಬಲ್ಬುಗಳಾದರೆ ಅದು ವೋಲ್ಟೇಜನ್ನು ಸುಮಾರು ೧೭ಕ್ಕೆ ಇಳಿಸಿ, ಬೆಳಕನ್ನು ಮೂರನೆಯ ಒಂದು ಪಾಲಿಗೆ ತರುತ್ತಿತ್ತು. ಆರು ಎಲ್‌ಇಡಿಗಳ ಒಟ್ಟು ೬೦ ಮಿಲಿ ಆಂಪಿಯರಿಗೆ ಅದು ಕಡಿಯುವುದು ೧.೨ ವೋಲ್ಟು ಮಾತ್ರ. ಕಣ್ಣಿಗೆ ಭೇದವೇ ತಿಳಿಯದು.

ಇದೇನು ಮಹಾ ಕೊರತೆ, ಬೆಳಕು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೆ ಎನ್ನಬಹುದು. ಅಲ್ಲ. ಕಣ್ಣಿನ ಹಿಂಪರದೆಯಲ್ಲಿ ಮಂದಬೆಳಕಿಗೆಂದೇ ಇರುವ ದಂಡಕೋಶಗಳು ರೊಡಾಪ್ಸಿನ್ ಎಂಬ ವರ್ಣದ್ರವ್ಯದಿಂದ ಕೆಲಸ ಮಾಡುತ್ತವೆ. ಪ್ರಖರ ಬೆಳಕು ಬಿದ್ದರೆ ಆ ದ್ರವ್ಯ ಮಾಸಿಹೋಗುವುದು. ಪೂರ್ತಿಯಾಗಿ ಮತ್ತೆ ಕೂಡಿಕೊಳ್ಳಲು ಅರ್ಧ ಗಂಟೆ ಬೇಕು. ಈ ಕೋಶಗಳು ನೀಲಿ-ಹಸಿರು ಬೆಳಕಿಗೆ ಅತಿ ಹೆಚ್ಚಾಗಿಯೂ ಕೆಂಪಿಗೆ ಅತಿ ಕಡಿಮೆಯಾಗಿಯೂ ಸ್ಪಂದಿಸುತ್ತವೆ. ಕಣ್ಣು ಕುಕ್ಕುವ ನೀಲಿ ಎಲ್‌ಇಡಿಯನ್ನು ಚಾಲಕನ ಎದುರಿಗೆ ಇಡುವುದೆಂದರೆ, ಮಂಜಿನಲ್ಲಿ ದೀಪವಿಲ್ಲದೆ ನಡೆದುಬರುವ ಮನುಷ್ಯನನ್ನು ಅವನ ಕಣ್ಣಿನಿಂದ ಅಳಿಸಿದಂತೆ. ಬೆಳಕು ಗಾಜಿನಲ್ಲಿ ಪ್ರತಿಬಿಂಬಿಸಿ ರಸ್ತೆಯನ್ನು ಮರೆಮಾಡುವುದು ಬೇರೆ. ಬೆಚ್ಚಗಿನ ಹಳದಿ ಛಾಯೆಯ, ಮಂದವಾದ ಎಲ್‌ಇಡಿಯೇ ಯೋಗ್ಯ. ಇನ್ನೂ ಹೆಚ್ಚೆನಿಸಿದರೆ ರೋಧಕವನ್ನು ೪೭೦೦ ಓಮಿಗೆ ಏರಿಸಬಹುದು. ಮಾಪಕದೊಳಗೆ ಹಸಿರು ಸೋಸುಗಾಜು ಇದ್ದರೆ ಕೆಂಪು ಎಲ್‌ಇಡಿ ಅದನ್ನು ದಾಟಲಾರದು. ಅಲ್ಲಿಗೆ ಬಿಳಿ ಅಥವಾ ಹಸಿರನ್ನೇ ಹಾಕಬೇಕು. ಹೈಬೀಮಿನ ನೀಲಿ ಸೂಚಕಕ್ಕೆ ಬಿಳಿಯ ಎಲ್‌ಇಡಿ ಬೇಡ. ತಂತಿಯ ಬೆಳಕಿನಲ್ಲಿ ನೀಲಿ ಬಹು ಕಡಿಮೆ, ಎಲ್‌ಇಡಿಯಲ್ಲಿ ಅದೇ ಹೆಚ್ಚು; ಸೌಮ್ಯವಾಗಿದ್ದ ಸೂಚಕ ಕಣ್ಣಿಗೆ ಚುಚ್ಚತೊಡಗುತ್ತದೆ.

ಕೂರಿಸುವ ಕ್ರಮ ಸರಳವಾದುದು. ಬ್ಯಾಟರಿಯ ಚಾಸಿಗೆ ಸೇರಿದ ತುದಿಯನ್ನು ಮೊದಲು ಬಿಚ್ಚಬೇಕು. ಸಾಮಾನ್ಯವಾಗಿ ಅದು ಋಣ ತುದಿ. ಬ್ರಿಟಿಷ್ ಮೂಲದ ಕೆಲವು ಬಹು ಹಳೆಯ ವಾಹನಗಳಲ್ಲಿ ಧನ ತುದಿಯೇ ಚಾಸಿಗೆ ಸೇರಿರುವುದುಂಟು. ಅಂಥವುಗಳಿಗೆ ದಿಕ್ಕಿನ ಹಂಗಿಲ್ಲದ ಬಲ್ಬೇ ಬೇಕು. ತಂತಿಯ ಬಲ್ಬು ಸುತ್ತಲೂ ಬೆಳಕು ಚೆಲ್ಲಿದರೆ ಎಲ್‌ಇಡಿ ನೇರ ಮುಂದಕ್ಕೆ ಎಸೆಯುತ್ತದೆ. ಆದುದರಿಂದ ಪಕ್ಕಗಳಲ್ಲಿಯೂ ಹರಳುಗಳಿರುವ ಬಲ್ಬನ್ನು ಕೊಳ್ಳದಿದ್ದರೆ ಮಾಪಕದ ಒಂದು ಮೂಲೆ ಹೊಳೆದು ಉಳಿದದ್ದು ಕತ್ತಲಾಗುವುದು. ಒಂದೊಂದಾಗಿ ಬದಲಾಯಿಸಿ ಒಂದೊಂದನ್ನೂ ಉರಿಸಿ ನೋಡಬೇಕು. ಉರಿಯದಿದ್ದರೆ, ಚಪ್ಪಟೆ ಬುಡದ ಬಲ್ಬನ್ನು ಕಿತ್ತು ತಿರುಗಿಸಿ ಹಾಕಿದರಾಯಿತು. ಎಲ್ಲವೂ ಮುಗಿದ ಮೇಲೆ ಇಂಜಿನನ್ನು ಹೊರಡಿಸಿ, ವೇಗ ಹೆಚ್ಚಿಸದೆ, ಬ್ಯಾಟರಿಯ ತುದಿಗಳಲ್ಲಿ ಮೀಟರನ್ನು ಹಿಡಿಯಬೇಕು. ೨೪ ವೋಲ್ಟಿನ ಲಾರಿಯಲ್ಲಿ ೨೭ಕ್ಕಿಂತ ಮೇಲೆ, ೧೨ ವೋಲ್ಟಿನದರಲ್ಲಿ ೧೩.೫ಕ್ಕಿಂತ ಮೇಲೆ ತೋರಿಸಿದರೆ ಚಾರ್ಜು ಸರಿಯಾಗಿದೆ. ತೋರಿಸದಿದ್ದರೆ ಚಾರ್ಜಿಂಗ್ ಸೂಚಕದ ಹಳೆಯ ಬಲ್ಬನ್ನು ಅದರ ಜಾಗದಲ್ಲಿ ಮತ್ತೆ ಕೂರಿಸಿ ಇನ್ನೊಮ್ಮೆ ನೋಡಬೇಕು.