ತುಕ್ಕು ಹಿಡಿದ ಹಳೆಯ ವ್ಯಾನು: ಉಳಿಸುವುದೋ, ಬಿಡುವುದೋ?

ಚಕ್ರಗಳ ಮೇಲೆ ನಿಂತ ಪುಟ್ಟ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಮಡಿಸಿದರೆ ಆಸನ, ಬಿಡಿಸಿದರೆ ಮಂಚ; ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಬೀರು. ಇಂಥ ವಾಹನಕ್ಕೆ ಕ್ಯಾಂಪರ್ ವ್ಯಾನು ಎಂದು ಹೆಸರು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯು 1950ರಲ್ಲಿ ತಯಾರಿಸತೊಡಗಿದ ವ್ಯಾನಿಗೆ, ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯು 1951ರಿಂದ ಇಂಥ ಗೃಹೋಪಕರಣಗಳನ್ನು ಒದಗಿಸತೊಡಗಿತು. ಅರ್ಧ ಶತಮಾನ ದಾಟಿದ ಈ ವ್ಯಾನುಗಳನ್ನು ಅಕ್ಕರೆಯಿಂದ ಕೊಳ್ಳುವವರು ಯೂರೋಪಿನಲ್ಲಿ ಇಂದಿಗೂ ಇದ್ದಾರೆ. ಆದರೆ ಹಳೆಯ ವ್ಯಾನೆಂದರೆ ತುಕ್ಕು ಇದ್ದೇ ಇರುವುದು. ದುರಸ್ತಿ ಮಾಡಿಸಿ ಉಳಿಸಬೇಕೆ, ಬಿಟ್ಟುಬಿಡಬೇಕೆ? ಈ ಪ್ರಶ್ನೆಗೆ ಉತ್ತರ ಹೇಳಲು ಭೌತಶಾಸ್ತ್ರ ಬಹಳಷ್ಟು ನೆರವಾಗಬಲ್ಲದು.

ತುಕ್ಕು ಹಿಡಿಯುವ ಬಗೆ

ಕಬ್ಬಿಣಕ್ಕೆ ತುಕ್ಕು ಹಿಡಿಯಬೇಕಾದರೆ ನೀರು ಮತ್ತು ಆಮ್ಲಜನಕ ಎರಡೂ ಬೇಕು. ಉಜ್ಜಿ ಶುಭ್ರಗೊಳಿಸಿದ ಉಕ್ಕಿನ ತಗಡಿನ ಮೇಲೆ ಒಂದು ತೊಟ್ಟು ಉಪ್ಪುನೀರನ್ನು ಇಟ್ಟಿದ್ದೇವೆ ಎನ್ನೋಣ. ತೊಟ್ಟಿನ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ದೊರೆಯುವುದು. ನಡುವಿಗೆ ಅಷ್ಟಾಗಿ ದೊರೆಯದು. ಹಾಗಾದರೆ ಕಬ್ಬಿಣ ಸವೆಯುವುದು ಅಂಚಿನಲ್ಲಿ ಎಂದು ತೋರುವುದು ಸಹಜ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ನಡುವಿನ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುವುವು. ಆ ಎಲೆಕ್ಟ್ರಾನುಗಳು ಲೋಹದೊಳಗೆ ಹರಿದು ಅಂಚನ್ನು ಸೇರಿ, ಅಲ್ಲಿನ ಆಮ್ಲಜನಕಕ್ಕೂ ನೀರಿಗೂ ದೊರೆಯುವುವು. ಒಂದು ತೊಟ್ಟು ನೀರು ಹೀಗೆ ಪುಟ್ಟ ವಿದ್ಯುತ್ಕೋಶವಾಗುವುದು. ಕೇಂಬ್ರಿಜ್‌ನ ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಈ ಪ್ರಯೋಗವನ್ನು ಮಾಡಿ ತೋರಿಸಿದನು.

ಇದರಿಂದ ನಮಗೆ ತಿಳಿಯುವುದೇನು? ಗಾಳಿ ಆಡದ ಸಂದಿಯಲ್ಲಿ ನೀರು ನಿಂತರೆ ಅಲ್ಲಿಯೇ ಲೋಹ ಹೆಚ್ಚು ಸವೆಯುವುದು. ವ್ಯಾನಿನಲ್ಲಿ ತಗಡಿನ ಮೇಲೆ ತಗಡು ಕೂಡುವ ಎಡೆ, ಬಾಗಿಲ ಹೊಸ್ತಿಲ ಒಳಗಿನ ಟೊಳ್ಳು, ಚಕ್ರದ ಮೇಲಣ ಕಮಾನು ಇವೆಲ್ಲ ಅಂಥ ಸಂದಿಗಳೇ. ಚಳಿಗಾಲದಲ್ಲಿ ಹಿಮ ಕರಗಲೆಂದು ಯೂರೋಪಿನ ರಸ್ತೆಗಳಿಗೆ ಚೆಲ್ಲುವ ಉಪ್ಪು ನೀರಿನ ವಿದ್ಯುದ್ವಾಹಕತೆಯನ್ನು ಹೆಚ್ಚಿಸಿ ಈ ಕ್ರಿಯೆಯನ್ನು ತೀವ್ರಗೊಳಿಸುವುದು. ನಮ್ಮ ಕರಾವಳಿಯ ವಾಚಕರಿಗೆ ಉಪ್ಪುಗಾಳಿಯ ಪ್ರತಾಪವನ್ನು ಹೇಳಬೇಕಾಗಿಲ್ಲ.

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗವನ್ನು ಆಕ್ರಮಿಸುವುದು. ಆದುದರಿಂದಲೇ ಬಣ್ಣ ಗುಳ್ಳೆಯೇಳುವುದು. ಹೊರಗೆ ಕಾಸಿನಷ್ಟು ಕಾಣುವ ಗುಳ್ಳೆಯ ಹಿಂದೆ ಅಂಗೈಯಗಲದ ತಗಡು ಸವೆದುಹೋಗಿರಬಹುದು.

ದಪ್ಪ ಮತ್ತು ಬಲ

ಲಾರಿಗೆ ಭಾರ ಹೊರಲು ಪ್ರತ್ಯೇಕವಾದ ದಪ್ಪ ಚೌಕಟ್ಟು ಉಂಟು. ಈ ವ್ಯಾನಿಗೆ ಹಾಗಲ್ಲ. ನೆಲದಡಿಯ ತೊಲೆಗಳು, ಹೊಸ್ತಿಲುಗಳು, ಮೈತಗಡು ಎಲ್ಲವನ್ನೂ ಒಂದಾಗಿ ಬೆಸೆದು, ಎಲ್ಲವೂ ಸೇರಿ ಭಾರ ಹೊರುವಂತೆ ಮಾಡಲಾಗಿದೆ. ಮೈತಗಡಿನ ದಪ್ಪವಾದರೋ ಸುಮಾರು ಒಂದು ಮಿಲಿಮೀಟರ್ ಮಾತ್ರ.

ಚಪ್ಪಟೆ ತಗಡೊಂದು ಬಾಗದಂತೆ ತಡೆಯುವ ಬಿಗಿತನವು ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುವುದು. ತುಕ್ಕಿನಿಂದ ದಪ್ಪ ಅರ್ಧಕ್ಕಿಳಿದರೆ ಬಿಗಿತನ ಅರ್ಧವಾಗುವುದಿಲ್ಲ. ಎಂಟನೆಯ ಒಂದು ಭಾಗವಾಗುವುದು. ರಂಧ್ರ ಬೀಳುವುದಕ್ಕೆ ಬಹಳ ಮುಂಚೆಯೇ ಹೊಸ್ತಿಲು ತನ್ನ ಬಲವನ್ನು ನೀಗಿಕೊಳ್ಳುವುದು ಹೀಗೆ. ಅಪಘಾತವಾದರೆ ಅದು ಒಳಗಿರುವವರನ್ನು ಕಾಯಲಾರದು.

ಪರೀಕ್ಷೆ ಮತ್ತು ತೀರ್ಮಾನ

ಪರೀಕ್ಷೆಗೆ ದುಬಾರಿ ಉಪಕರಣಗಳು ಬೇಕಿಲ್ಲ. ಅಯಸ್ಕಾಂತವನ್ನು ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಹಾಯಿಸಿ. ಅಯಸ್ಕಾಂತದ ಸೆಳೆತ ದೂರ ಹೆಚ್ಚಿದಂತೆ ಬೇಗ ಕುಂದುವುದರಿಂದ, ಬಣ್ಣದಡಿ ಪುಟ್ಟಿ ಮೆತ್ತಿದ ಕಡೆ ಅದು ಅಂಟದು. ತೊಲೆಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ: ಗಟ್ಟಿ ಲೋಹ ಖಣಿಲೆನ್ನುವುದು, ಸವೆದ ಲೋಹ ಮಂಕಾಗಿ ಸದ್ದು ಮಾಡುವುದು. ಜಾಕಿಯಿಂದ ಒಂದು ಬದಿಯನ್ನು ಎತ್ತಿದಾಗ ಬಾಗಿಲ ಸಂದಿನ ಅಗಲ ಎದ್ದು ಕಾಣುವಂತೆ ಬದಲಾದರೆ, ಒಡಲಿನ ಬಿಗಿ ಸಡಿಲಿದೆ ಎಂದರ್ಥ. ಜಾಕಿಯ ಮೇಲೆ ಮಾತ್ರ ನಿಂತ ವಾಹನದ ಅಡಿಗೆ ಯಾರೂ ನುಸುಳಬಾರದು.

ಇನ್ನು ತೀರ್ಮಾನ. ಮೇಲ್ಮೈಯ ತುಕ್ಕನ್ನು ಉಜ್ಜಿ ಬಣ್ಣ ಹಚ್ಚಿದರೆ ಸಾಕು. ಹೊರತಗಡಿನ ರಂಧ್ರಕ್ಕೆ, ಕೊಳೆತುದನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು. ಹೊಸ್ತಿಲು, ನೆಲದ ತೊಲೆ, ಚಕ್ರ ಮತ್ತು ಬ್ರೇಕುಗಳ ಆಧಾರ, ಆಸನಪಟ್ಟಿಯ ಆಧಾರ ಇವು ಕೊಳೆತಿದ್ದರೆ ವಿಚಾರವೇ ಬೇರೆ. ಬ್ರಿಟನ್ನಿನ ವಾಹನ ತಪಾಸಣೆಯಲ್ಲಿ ಇಂಥ ಆಧಾರಗಳ ಸುತ್ತ 30 ಸೆಂಟಿಮೀಟರ್ ಒಳಗೆ ಲೋಹವನ್ನು ದುರ್ಬಲಗೊಳಿಸುವಷ್ಟು ತುಕ್ಕಿದ್ದರೆ ವಾಹನವನ್ನು ತಿರಸ್ಕರಿಸುವರು. ಆದರೆ 2018ರ ಮೇ ತಿಂಗಳಿನಿಂದ, ಹೆಚ್ಚು ಮಾರ್ಪಾಡಾಗದ 40 ವರ್ಷ ದಾಟಿದ ವಾಹನಗಳಿಗೆ ಅಲ್ಲಿ ಈ ತಪಾಸಣೆ ಕಡ್ಡಾಯವಲ್ಲ. ಹಳೆಯ ವ್ಯಾನಿನ ಒಡೆಯನು ತಾನೇ ಪರೀಕ್ಷಕನಾಗಬೇಕು.

ಆದುದರಿಂದ ಎಂಜಿನು, ಪರದೆ, ಹಾಸಿಗೆಗಳ ಲೆಕ್ಕವನ್ನು ಕೊನೆಗಿಟ್ಟು, ಬೆಸುಗೆಯ ಲೆಕ್ಕವನ್ನು ಮೊದಲು ಹಾಕಬೇಕು. ಮೈಯೆಲ್ಲ ಕೆಂಪಾಗಿದ್ದರೂ ತೊಲೆಗಳು ಗಟ್ಟಿಯಿರುವ ವ್ಯಾನನ್ನು ಉಳಿಸಬಹುದು. ಒಂದೆರಡು ತೊಲೆಗಳು ಹೋಗಿದ್ದರೆ, ನುರಿತ ಬೆಸುಗೆಗಾರನು ಒಡಲು ಸೊಟ್ಟಗಾಗದಂತೆ ಅಡ್ಡಪಟ್ಟಿ ಕೊಟ್ಟು ಬದಲಿಸಬಲ್ಲನು. ವೆಚ್ಚವನ್ನು ಅವನಿಂದಲೇ ಕೇಳಿ ತಿಳಿಯಬೇಕು. ಆಧಾರಗಳೆಲ್ಲವೂ ಕೊಳೆತಿದ್ದರೆ ಅದರ ಉಳಿದ ಬಿಡಿಭಾಗಗಳಿಂದ ಇನ್ನೊಂದು ವ್ಯಾನನ್ನು ಉಳಿಸುವುದೇ ಲೇಸು. ತುಕ್ಕು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂದು ಕೇಳುವವನು ಮೋಸಹೋಗುವುದು ಕಡಿಮೆ.