ಕೊಲೆಸ್ಟರಾಲ್ ಮಾತ್ರೆ ಮಿದುಳಿನ ಕ್ಯಾನ್ಸರಿಗೂ ಮದ್ದೇ?

ಭಟ್ಕಳ, ಹೊನ್ನಾವರ, ಕುಮಟಾ ಪೇಟೆಗಳ ಔಷಧಿ ಅಂಗಡಿಗಳಲ್ಲಿ ದಿನವೂ ಮಾರಾಟವಾಗುವ ಮಾತ್ರೆಗಳಲ್ಲಿ ಅಟೋರ್ವಾಸ್ಟಾಟಿನ್ ಒಂದು. ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದವರಿಗೆ, ಹೃದಯಾಘಾತವಾದವರಿಗೆ ವೈದ್ಯರು ಇದನ್ನು ಬರೆದುಕೊಡುತ್ತಾರೆ. ಇದೇ 'ಸ್ಟಾಟಿನ್' ಗುಂಪಿನ ಮಾತ್ರೆಗಳು ಮಿದುಳಿನ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತವೆ ಎಂಬ ಸುದ್ದಿ ಆಗಾಗ ಬರುತ್ತದೆ. 'ಹಾಗಾದರೆ ನಮ್ಮ ರೋಗಿಗೂ ಅದನ್ನೇ ಕೊಡಬಹುದಲ್ಲವೇ?' ಎಂದು ಮನೆಯವರು ಕೇಳುವುದು ಸಹಜ. ಉತ್ತರಕ್ಕೆ ಸ್ವಲ್ಪ ಹಿನ್ನೆಲೆ ಬೇಕು.

ಹಳೆಯ ಮದ್ದು, ಹೊಸ ಕೆಲಸ

ಒಂದು ರೋಗಕ್ಕೆ ಕಂಡುಹಿಡಿದ ಔಷಧಿ ಇನ್ನೊಂದಕ್ಕೆ ಒದಗಿದ ಉದಾಹರಣೆಗಳಿವೆ. ಹುಟ್ಟುವ ಮಕ್ಕಳಲ್ಲಿ ಅಂಗವೈಕಲ್ಯ ಉಂಟುಮಾಡಿದ ಥಾಲಿಡೊಮೈಡ್ ಅನ್ನು 1961ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಅದಕ್ಕೇ ಅಮೆರಿಕದಲ್ಲಿ 1998ರಲ್ಲಿ ಕುಷ್ಠರೋಗದ ಒಂದು ತೊಡಕಿಗೆ, 2006ರಲ್ಲಿ ಮೂಳೆಮಜ್ಜೆಯ ಒಂದು ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿತು. ಇಂಥ ಔಷಧಿಯ ಅಡ್ಡ ಪರಿಣಾಮಗಳು ಮೊದಲೇ ಗೊತ್ತಿರುತ್ತವೆ, ಖರ್ಚೂ ಕಡಿಮೆ. ಸ್ಟಾಟಿನ್ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದಿರುವುದು ಇದೇ ಕಾರಣಕ್ಕೆ.

ಮಾತ್ರೆ ಹೇಗೆ ಕೆಲಸ ಮಾಡುತ್ತದೆ?

ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಮೊದಲ ಸ್ಟಾಟಿನ್ ಕಂಡುಹಿಡಿದರು. ಕೋಶದೊಳಗೆ ಕೊಲೆಸ್ಟರಾಲ್ ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಕೋಶಕ್ಕೆ 'ಬೆಳೆ, ಒಡೆದು ಎರಡಾಗು' ಎಂದು ಸಂದೇಶ ಕೊಡುವ ಕೆಲವು ಪ್ರೋಟೀನುಗಳಿಗೂ ಇದೇ ದಾರಿಯಲ್ಲಿ ತಯಾರಾಗುವ ವಸ್ತುಗಳು ಬೇಕು. ಆದ್ದರಿಂದ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಸ್ಟಾಟಿನ್ ಹಾಕಿದರೆ ಅವು ಸಾಯುತ್ತವೆ. ಇದು ನಿಜ.

ಆದರೆ ತಟ್ಟೆ ಬೇರೆ, ತಲೆ ಬೇರೆ

ಮೊದಲ ತೊಡಕು ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಮರಳದಿಬ್ಬವಿದ್ದಾಗ ದೊಡ್ಡ ಬೋಟು ಸಿಕ್ಕಿಕೊಳ್ಳುತ್ತದೆ, ಸಣ್ಣ ದೋಣಿ ದಾಟುತ್ತದೆ. ಈ ತಡೆಗೋಡೆಯೂ ಎಲ್ಲ ಔಷಧಿಗಳನ್ನು ಒಳಗೆ ಬಿಡುವುದಿಲ್ಲ. ಕೊಬ್ಬಿನಲ್ಲಿ ಕರಗುವ ಸಿಮ್ವಾಸ್ಟಾಟಿನ್‌ನಂಥವು ದಾಟಬಲ್ಲವು, ನೀರಿನಲ್ಲಿ ಕರಗುವ ರೋಸುವಾಸ್ಟಾಟಿನ್‌ಗೆ ಅದು ಕಷ್ಟ.

ಎರಡನೆಯದು ಪ್ರಮಾಣ. ತಟ್ಟೆಯಲ್ಲಿ ಕೋಶ ಕೊಲ್ಲಲು ಬಳಸುವಷ್ಟು ಸಾಂದ್ರತೆ, ನಾವು ನುಂಗುವ ಮಾತ್ರೆಯಿಂದ ರಕ್ತದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಹೆಚ್ಚು ಮಾತ್ರೆ ನುಂಗಿದರೆ ಸ್ನಾಯುಗಳು ಕರಗಿ ಮೂತ್ರಪಿಂಡ ಕೆಡಬಹುದು.

ಮೂರನೆಯದು ಗಡ್ಡೆಯ ಜಾಣತನ. ಮಿದುಳಿನ ಅತ್ಯಂತ ಉಗ್ರ ಕ್ಯಾನ್ಸರ್ ಗ್ಲಿಯೊಬ್ಲಾಸ್ಟೋಮ. ಅದರ ಕೋಶಗಳು ಸುತ್ತಲಿನಿಂದ ಕೊಲೆಸ್ಟರಾಲ್ ಎಳೆದುಕೊಂಡು ಬದುಕುತ್ತವೆ ಎಂದು 2016ರ ಸಂಶೋಧನೆ ತೋರಿಸಿತು. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳಿನಲ್ಲಿ ದೇಹದ ಕೊಲೆಸ್ಟರಾಲಿನ ಐದನೇ ಒಂದು ಪಾಲಾದರೂ ಇದೆ, ಗಡ್ಡೆಗೆ ಕೊರತೆಯಿಲ್ಲ.

ರೋಗಿಗಳಲ್ಲೂ ಪರೀಕ್ಷೆ ನಡೆದಿದೆ. ಸೌದಿ ಅರೇಬಿಯಾದಲ್ಲಿ 36 ರೋಗಿಗಳಿಗೆ ಎಂದಿನ ಚಿಕಿತ್ಸೆಯ ಜೊತೆ ಅಟೋರ್ವಾಸ್ಟಾಟಿನ್ ಕೊಟ್ಟು ನೋಡಿದ ವರದಿ 2021ರಲ್ಲಿ ಬಂತು. ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಹಾಗೆಂದು ದಾರಿ ಮುಚ್ಚಿತು ಎಂದಲ್ಲ, ಸಂಶೋಧನೆ ಮುಂದುವರಿದಿದೆ. ಆದರೆ ಇಂದು ಇದು ಚಿಕಿತ್ಸೆಯಲ್ಲ.

ಇಂದಿನ ಚಿಕಿತ್ಸೆ

ಶಸ್ತ್ರಚಿಕಿತ್ಸೆ, ವಿಕಿರಣ, ಟೆಮೊಜೊಲೊಮೈಡ್ ಮಾತ್ರೆ - ಈ ಮೂರೇ ಮುಖ್ಯ. 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ವಿಕಿರಣ ಮಾತ್ರ ಪಡೆದವರಲ್ಲಿ ಎರಡು ವರ್ಷ ಬದುಕಿದವರು ಶೇ. 10ರಷ್ಟು, ಟೆಮೊಜೊಲೊಮೈಡನ್ನೂ ಪಡೆದವರಲ್ಲಿ ಶೇ. 26ರಷ್ಟು. ದೊಡ್ಡ ಗೆಲುವಲ್ಲ ನಿಜ, ಆದರೂ ಕೈಗೆ ಸಿಕ್ಕಿರುವ ಲಾಭ.

ವಿಕಿರಣ ಸಾಮಾನ್ಯವಾಗಿ ಆರು ವಾರ, ವಾರಕ್ಕೆ ಐದು ದಿನ. ನಮ್ಮ ಕಡೆಯವರು ಇದಕ್ಕಾಗಿ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ಹೋಗಬೇಕು. ಭಟ್ಕಳದಿಂದ ಮಣಿಪಾಲವೇ ಸುಮಾರು 90 ಕಿ.ಮೀ. ಕೂಲಿ ಬಿಟ್ಟು, ಬಾಡಿಗೆ ಕೋಣೆ ಹಿಡಿದು ಕೂತ ಕುಟುಂಬಕ್ಕೆ 'ಅಗ್ಗದ ಮಾತ್ರೆ ಸಾಕು' ಎಂಬ ಮಾತು ಬಹಳ ಹಿತವಾಗಿ ಕೇಳುತ್ತದೆ. ಅಪಾಯ ಇರುವುದು ಅಲ್ಲೇ. ಅರ್ಧಕ್ಕೆ ಬಿಟ್ಟ ವಿಕಿರಣದ ಕೊರತೆಯನ್ನು ಯಾವ ಸ್ಟಾಟಿನ್ನೂ ತುಂಬದು. ಖರ್ಚಿನ ಚಿಂತೆಯಿದ್ದರೆ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಮೊದಲೇ ವಿಚಾರಿಸಿ.

ನೆನಪಿಡಿ

1. ಹೃದಯಕ್ಕೆಂದು ಸ್ಟಾಟಿನ್ ಸೇವಿಸುತ್ತಿರುವವರು ಅದನ್ನು ನಿಲ್ಲಿಸಬೇಡಿ. ಅದರ ಕೆಲಸ ಅಲ್ಲಿ ಸಾಬೀತಾಗಿದೆ.

2. ಮಿದುಳಿನ ಗಡ್ಡೆಯಿರುವವರು ತಾವಾಗಿ ಸ್ಟಾಟಿನ್ ಶುರು ಮಾಡಬೇಡಿ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಮಾತ್ರೆಗಳು ಕೆಲವು ಸ್ಟಾಟಿನ್‌ಗಳ ಪರಿಣಾಮವನ್ನು ತಗ್ಗಿಸುತ್ತವೆ. ಎಲ್ಲ ಔಷಧಿಗಳ ಚೀಟಿಯನ್ನೂ ವೈದ್ಯರಿಗೆ ತೋರಿಸಿ.

3. ದೊಡ್ಡವರಲ್ಲಿ ಮೊದಲ ಬಾರಿ ಫಿಟ್ಸ್ ಬಂದರೆ, ಬೆಳಿಗ್ಗೆ ಏಳುವಾಗ ತಲೆನೋವಿನೊಂದಿಗೆ ವಾಂತಿಯಾದರೆ, ಒಂದು ಕೈಕಾಲಿನ ಶಕ್ತಿ ಕುಂದಿದರೆ, ಮಾತು ತೊದಲಿದರೆ, ನಡತೆ ಬದಲಾದರೆ 'ಗಾಳಿ ಸೋಕಿದೆ' ಎಂದು ದಿನ ಕಳೆಯಬೇಡಿ. ಇವೆಲ್ಲ ಗಡ್ಡೆಯಿಂದಲೇ ಬರಬೇಕೆಂದಿಲ್ಲ. ಆದರೆ ಪರೀಕ್ಷೆ ತಡವಾಗಬಾರದು.